ಅಡವಿಯಪ್ಪ ಮೇಷ್ಟ್ರ ಎಡಗೈ

ಗುಬ್ಬಿಯ ಬಸ್ ನಿಲ್ದಾಣದಲ್ಲಿ ಅಡವಿಯಪ್ಪ ಮೇಷ್ಟ್ರು ಯಾವ ಊರಿಗೂ ಹೊರಡದೆ, ಯಾರನ್ನೂ ಕಾಯದೆ, ಬೇವಿನ ಮರದ ನೆರಳಿಗೆಂದು ಸುಮ್ಮನೆ ನಿಂತಿದ್ದರೂ ತಿಪಟೂರಿನ ಬಸ್ಸು ಅವರ ಮುಂದೆ ಬಂದು ನಿಲ್ಲುತ್ತಿತ್ತು. ಅದರ ಹಿಂದೆ ತುಮಕೂರಿನ ಬಸ್ಸು ನಿಲ್ಲುತ್ತಿತ್ತು. ಅದರ ಹಿಂದೆ ಯಾರದೋ ಬೀಗರೂಟಕ್ಕೆ ಹೊರಟಿದ್ದ ಟೆಂಪೋ, ತನಗೂ ಏನೋ ಅಪ್ಪಣೆಯಾಗಿದೆಯೆಂಬ ಸಂಕೋಚದಲ್ಲಿ, ಬ್ರೇಕು ಹಾಕುತ್ತಿತ್ತು. ಇದಕ್ಕೆಲ್ಲ ಕಾರಣ ಅವರ ಎಡಗೈ. ಅರ್ಧ ಶತಮಾನ ಹಾರ್ಮೋನಿಯಮ್ಮಿನ ತಿದಿಯನ್ನು ಒತ್ತಿ, ಬಿಟ್ಟು, ಒತ್ತಿ, ಬಿಟ್ಟು, ಆ ಕೈ ತನ್ನ ಒಡೆಯನ ಅಂಕೆಯಿಂದ ಎಂದೋ ಆಚೆ ಹೋಗಿತ್ತು. ಹಾರ್ಮೋನಿಯಂ ಇದ್ದರೂ ಇಲ್ಲದಿದ್ದರೂ ಅದು ಸೊಂಟದ ಎತ್ತರದಲ್ಲಿ, ಬಾ ಬಾ ಎಂದು ಯಾರನ್ನೋ ಕರೆಯುವಂತೆ, ಬೀಸುತ್ತಲೇ ಇರುತ್ತಿತ್ತು. ನಿದ್ದೆಯಲ್ಲೂ ಬೀಸುತ್ತದೆಂದು, ಹೀಗಾಗಿ ತಮ್ಮ ಮನೆಗೆ ಫ್ಯಾನು ಬೇಕಾಗಲಿಲ್ಲವೆಂದು ಅವರ ಹೆಂಡತಿ ಮರಿಯಮ್ಮ ಹೇಳುತ್ತಿದ್ದರು. ಒಮ್ಮೆ ನಿಟ್ಟೂರಿನ ಬಳಿ ರೈಲೇ ನಿಂತಿತಂತೆ. ನಾನು ನೋಡಿಲ್ಲ, ಆದರೆ ಆ ರೈಲಿನಲ್ಲಿ ತಾನೂ ಇದ್ದೆನೆಂದು ನನಗೆ ಹೇಳಿದವರನ್ನೆಲ್ಲ ಕೂಡಿಸಿದರೆ ಅದಕ್ಕೆ ಇನ್ನೆರಡು ಬೋಗಿ ಜೋಡಿಸಬೇಕಾಗುತ್ತದೆ.

ಅಂಥ ಕೈ ಈಗ ನಿಂತುಹೋಗಿದೆ. ಅದು ನಿಂತ ಬಗೆಯನ್ನು ಹೇಳುವ ಮೊದಲು ಆ ಕೈಗೆ ಅಂಟಿಕೊಂಡಿದ್ದ ಮನುಷ್ಯನನ್ನು ತೋರಿಸಬೇಕು.

ಮೇಷ್ಟ್ರದು ತೆಂಗಿನ ಮರಕ್ಕೆ ನಾಚಿಕೆಯಾಗುವಂಥ ನೀಳಕಾಯ. ಅದರ ಮೇಲೊಂದು ಕೋಟು. ಆ ಕೋಟು ಮೂಲದಲ್ಲಿ ಕಪ್ಪಾಗಿತ್ತೆಂಬುದಕ್ಕೆ ಹಿರಿಯರ ಸಾಕ್ಷ್ಯವಿದೆ. ನಾವು ಕಾಣುವ ಹೊತ್ತಿಗೆ ಅದು ಮುಗಿಲಿನ ಎಲ್ಲ ಬಣ್ಣಗಳನ್ನೂ ಒಂದೊಂದಾಗಿ ದಾಟಿ, ಹೆಸರಿಡಲಾಗದ ಒಂದು ಬಣ್ಣದಲ್ಲಿ ನೆಲೆ ನಿಂತಿತ್ತು. ಅದರ ಜೇಬುಗಳಲ್ಲಿ ಲವಂಗ, ಹಾರ್ಮೋನಿಯಮ್ಮಿನ ಹಿತ್ತಾಳೆ ನಾಲಿಗೆಗಳು, ಮೀಸೆ ಅಂಟಿಸುವ ಗೋಂದು, ಮತ್ತು ಯಾವುದೋ ಕಾಲದ ನಾಟಕದಲ್ಲಿ ಮಡಿದ ಸೈನಿಕನೊಬ್ಬನ ಅರ್ಧ ಮೀಸೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಅವರು ಅದನ್ನು ಬಿಚ್ಚಿದ್ದನ್ನು ಕಂಡವರಿಲ್ಲ. ಮದುವೆಯ ದಿನ ಅರಿಶಿನವನ್ನೂ ಕೋಟಿನ ಮೇಲೆಯೇ ಹಚ್ಚಿಸಿಕೊಂಡರೆಂದು ಮರಿಯಮ್ಮನ ತವರಿನವರು ಇವತ್ತಿಗೂ ನೊಂದುಕೊಳ್ಳುತ್ತಾರೆ. ನಡಿಗೆಯಲ್ಲಿ ಒಂದು ಹೆಜ್ಜೆ ಉದ್ದ, ಎರಡು ಹೆಜ್ಜೆ ಗಿಡ್ಡ. ಅವರ ಜೊತೆಯಲ್ಲಿ ಹೊರಟವರು ಮಾರುಕಟ್ಟೆ ಮುಟ್ಟುವಷ್ಟರಲ್ಲಿ ತಮಗರಿವಿಲ್ಲದೆ ತಾಳಕ್ಕೆ ಬಿದ್ದು, ಬದನೆಕಾಯಿ ಅಂಗಡಿಯ ಮುಂದೆ ಕುಣಿಯುತ್ತ ನಿಂತಂತೆ ಕಾಣುತ್ತಿದ್ದರು. ಮಾತಿನಲ್ಲಿ ಅವರಿಗಿದ್ದದ್ದು ಒಂದೇ ಪ್ರಶ್ನೆ: “ಶ್ರುತಿ ಸೇರ್ತಾ?” ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳುವಾಗಲೂ ಅದೇ, ಗಂಡು ಹೆಣ್ಣು ಒಪ್ಪಿದರೇ ಎಂದು ಕೇಳುವಾಗಲೂ ಅದೇ, ಮೊಪೆಡ್ಡಿಗೆ ಪೆಟ್ರೋಲು ತುಂಬಿತೇ ಎಂದು ಬಂಕಿನವನನ್ನು ಕೇಳುವಾಗಲೂ ಅದೇ.

ವೃತ್ತಿಯಿಂದ ಅವರು ನಾಟಕದ ಮೇಷ್ಟ್ರು. ನಮ್ಮ ಸೀಮೆಯಲ್ಲಿ ಹತ್ತು ಜನ ಗಂಡಸರು ಒಂದು ಕಡೆ ಸೇರಿ ಅರ್ಧ ಗಂಟೆ ಜಗಳವಾಡದೆ ಕಳೆದರೆಂದರೆ, ಅದರ ಕೊನೆಗೆ ಅವರು ನಾಟಕ ಆಡೋಣವೆಂಬ ತೀರ್ಮಾನಕ್ಕೆ ಬಂದಿರುತ್ತಾರೆ. ಡೇರಿಯ ಕಾರ್ಯದರ್ಶಿ, ಲೈನ್‌ಮನ್, ಕೊಬ್ಬರಿ ವ್ಯಾಪಾರಿ, ಜಾತಕ ಬರೆಯುವವನು, ಎಲ್ಲರೂ ಒಮ್ಮೆಯಾದರೂ ಕಿರೀಟ ಇಟ್ಟುಕೊಂಡು ಸಾಯಬೇಕೆಂದು ಹಂಬಲಿಸುವ ನಾಡು ಇದು. ಅಂಥವರಿಗೆ ಮಾತು, ಹಾಡು, ಹೆಜ್ಜೆಗಳನ್ನು ತಿಂಗಳುಗಟ್ಟಲೆ ತಿದ್ದಿ ರಂಗಕ್ಕೆ ಬಿಡುವುದು ಮೇಷ್ಟ್ರ ಕೆಲಸ. ಅವರು ಹೆಚ್ಚಾಗಿ ಕಲಿಸುತ್ತಿದ್ದದ್ದು ಅವರ ಗುರುಗಳು ಮಲೇರಿಯಾ ಜ್ವರದಲ್ಲಿ ಬರೆದರೆಂದು ಪ್ರತೀತಿಯಿರುವ ‘ದಾಯಾದಿ ದುರ್ಗ’ವನ್ನು. ಬೊಮ್ಮನಾಯಕ, ಮುದ್ದನಾಯಕ ಎಂಬ ಪಾಳೆಯಗಾರ ಅಣ್ಣತಮ್ಮಂದಿರ ಮಕ್ಕಳು ಒಂದು ಕೋಟೆಗಾಗಿ ಕಾದಾಡುವ ಕತೆ. ಕೋಟೆ ಯಾವ ನಕಾಶೆಯಲ್ಲೂ ಇಲ್ಲ. ನಾಯಕರು ಯಾವ ಶಾಸನದಲ್ಲೂ ಇಲ್ಲ. ಕೊನೆಯಲ್ಲಿ ಗದಾಯುದ್ಧ. ಪಾಳೆಯಗಾರರು ಗದೆ ಹಿಡಿದದ್ದು ಎಲ್ಲಿ ಎಂದು ಒಬ್ಬ ಚರಿತ್ರೆಯ ಉಪನ್ಯಾಸಕರು ಕೇಳಿದಾಗ, ಕತ್ತಿ ಹಿಡಿಸಿದರೆ ಹಿಂದಿನ ಸಾಲಿನವರಿಗೆ ಕಾಣುವುದಿಲ್ಲವೆಂದು ಮೇಷ್ಟ್ರು ತಿಳಿಸಿ ಹೇಳಿ, ಆ ಉಪನ್ಯಾಸಕರನ್ನೇ ಮಂತ್ರಿಯ ಪಾತ್ರಕ್ಕೆ ಹಾಕಿಕೊಂಡರು.

ಅವರ ಹಟಗಳಲ್ಲಿ ದೊಡ್ಡದು, ಶುರುವಾದ ನಾಟಕ ಮಂಗಳವಾಗುವ ತನಕ ಹಾರ್ಮೋನಿಯಂ ನಿಲ್ಲಕೂಡದು, ಮಂಗಳವಾಗದೆ ಅದರ ಮುಚ್ಚಳ ಮುಚ್ಚಕೂಡದು ಎಂಬುದು. ಮಂಗಳದ ಪದ್ಯಕ್ಕೆ ಸತ್ತವರೂ ಕೊಂದವರೂ ಎದ್ದು ಬಂದು, ಎರಡು ಪಾಳೆಯದವರೂ ಭುಜಕ್ಕೆ ಭುಜ ತಾಗಿಸಿ ಒಂದೇ ಸಾಲಿನಲ್ಲಿ ನಿಂತು ಹಾಡಬೇಕು. ಆ ಸಾಲು ಕೂಡುವ ತನಕ ಯುದ್ಧ ಮುಗಿದಿಲ್ಲವೆಂಬುದು ಅವರ ಶಾಸ್ತ್ರ. ಯಡಿಯೂರಿನ ಹತ್ತಿರದ ಒಂದೂರಿನಲ್ಲಿ ಬಿರುಗಾಳಿಗೆ ಚಪ್ಪರವೇ ಹಾರಿಹೋಗಿ, ನಟರು ಒಂದು ಹೊಲ ದಾಟಿ ಬಿದ್ದರೂ ಮೇಷ್ಟ್ರು ನುಡಿಸುತ್ತಲೇ ಇದ್ದು, ಆ ಸ್ವರದ ಜಾಡು ಹಿಡಿದೇ ಎಲ್ಲರೂ ವಾಪಸು ಬಂದರಂತೆ. ಇನ್ನೊಮ್ಮೆ ಹಲಗೆಯ ಸಂದಿಯಿಂದ ನಾಗರಹಾವೊಂದು ಮೇಲೆ ಬಂದಾಗ ಅವರು ಕೈ ಬಿಡದೆ ರಾಗವನ್ನು ಮಾತ್ರ ಬದಲಾಯಿಸಿದರು. ಹಾವು ಎರಡನೆಯ ಅಂಕದವರೆಗೂ ಕೂತು, ಮಂತ್ರಿಯ ಭಾಷಣ ಬಂದೊಡನೆ ಬೇಸರಪಟ್ಟು ಎದ್ದುಹೋಯಿತು.

ಆದರೆ ಅವರ ವಿದ್ಯೆಯ ತಿರುಳು ಇದ್ದದ್ದು ಗದೆ ಕೊಡುವುದರಲ್ಲಿ. ಬೂರುಗದ ಮರದಲ್ಲಿ ಕಡೆಸಿ ಬೆಳ್ಳಿ ಬಣ್ಣ ಬಳಿದ ಜೋಡಿ ಗದೆಗಳವು. ಎತ್ತಿದವನು ಎದುರಿನವನ ಕಣ್ಣು ನೋಡಬೇಕು. ಹೊಡೆಸಿಕೊಳ್ಳುವವನು ರೆಪ್ಪೆ ಬಡಿದು ಅಪ್ಪಣೆ ಕೊಡಬೇಕು. ಆಮೇಲಷ್ಟೇ ಗದೆ ಇಳಿಯಬೇಕು. ಅದು ಇಳಿಯುವಷ್ಟರಲ್ಲಿ ಅವನು ಮೊಣಕಾಲನ್ನು ಒಂದು ಗೇಣು ಒಳಕ್ಕೆ ತಿರುಗಿಸುತ್ತಾನೆ, ಗದೆ ಹಲಗೆಗೆ ಬಡಿಯುತ್ತದೆ, ಸಭೆ ಹಾ ಎನ್ನುತ್ತದೆ. ಇಂಥ ಆಟವನ್ನು ಪ್ರಾಣಸ್ನೇಹಿತರಲ್ಲದೆ ಬೇರೆಯವರು ಆಡಲಾರರೆಂದು ಮೇಷ್ಟ್ರ ನಂಬಿಕೆ. ಆದ್ದರಿಂದ ಊರಿನಲ್ಲಿ ಯಾರ ಯಾರ ನಡುವೆ ಜಗಳವಿದೆಯೆಂದು ಮೊದಲೇ ವಿಚಾರಿಸಿ, ಅವರಿಬ್ಬರನ್ನು ಒಂದೇ ಪಾಳೆಯಕ್ಕೆ ಹಾಕಿ ಅಪ್ಪಿಕೊಳ್ಳುವ ಸೀನು ಕೊಡುತ್ತಿದ್ದರು. ಗದೆಗಳನ್ನು ಮಾತ್ರ ಎಂದೂ ಜಗಳವಾಡದವರಿಗೆ ಕೊಡುತ್ತಿದ್ದರು. ಬದುವಿನ ವ್ಯಾಜ್ಯದಲ್ಲಿ ಕೋರ್ಟು ಹತ್ತಿದ್ದ ಅಣ್ಣತಮ್ಮಂದಿರಿಬ್ಬರನ್ನು ಒಂದೇ ಕಂಬಳಿ ಹೊದ್ದು ಕೋಟೆ ಬಾಗಿಲು ಕಾಯುವ ಪಹರೆಯವರನ್ನಾಗಿ ಮಾಡಿ, ಬೇಸಗೆಯಿಡೀ ಕಂಬಳಿಯೊಳಗೆ ಬೇಯಿಸಿ, ರಾಜಿ ಮಾಡಿಸಿದ ಕೀರ್ತಿ ಅವರದು.

“ದ್ವೇಷ ಇರೋರ ಕೈಗೆ ಗದೆ ಕೊಡಬಾರ್ದು ಕಣ್ರಯ್ಯಾ. ಹೊಡೆದಾಟ ಆಡಕ್ಕೆ ಪ್ರೀತಿ ಬೇಕು” ಎನ್ನುವರು. “ಇನ್ನೊಂದು ನೆಪ್ಪಲ್ಲಿಟ್ಕಳಿ. ಈ ಕತೇಲಿ ಹೊರಗಿನ ಶತ್ರು ಅಂತ ಒಬ್ನೂ ಇಲ್ಲ. ಎಲ್ಲಾ ಒಂದೇ ಪಡಸಾಲೇಲಿ ಉಂಡೋರು.”

ತುಮಕೂರಿನ ತಂಡದಲ್ಲಿ ಆ ಗದೆಗಳು ಇಪ್ಪತ್ತು ವರ್ಷಗಳಿಂದ ಇದ್ದದ್ದು ಚನ್ನೇಶನ ಮತ್ತು ಲಕ್ಷ್ಮೀಕಾಂತನ ಕೈಯಲ್ಲಿ. ಚನ್ನೇಶ ಉಪ್ಪಾರಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯವನು, ಬೊಮ್ಮನಾಯಕನ ಪಾತ್ರಕ್ಕೆಂದೇ ದೇವರು ಎರಕ ಹೊಯ್ದ ಎದೆಯವನು. ಲಕ್ಷ್ಮೀಕಾಂತ ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು, ಮುದ್ದನಾಯಕ. ಇಬ್ಬರೂ ಬೆಳ್ಳಾವಿಯ ಒಂದೇ ಬೀದಿಯಲ್ಲಿ ಹುಟ್ಟಿ, ಒಂದೇ ಹಾಸ್ಟೆಲಿನ ಒಂದೇ ತಟ್ಟೆಯಲ್ಲಿ ಉಂಡವರು. ಬೈಟು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಸದೆ, ಒಂದೇ ಲೋಟದಲ್ಲಿ ಸರದಿಯ ಮೇಲೆ ಕುಡಿಯುತ್ತಿದ್ದರು. ಇವನ ಮನೆಯ ಬೀಗದ ಕೈ ಅವನ ಗೊಂಚಲಿನಲ್ಲಿ, ಅವನದು ಇವನ ಗೊಂಚಲಿನಲ್ಲಿ. ಬೊಮ್ಮನಾಯಕ ಹೊಡೆದ ಮೇಲೆ ಗದೆ ಬಿಸಾಡಿ, ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡುವ ಪ್ರಲಾಪವಂತೂ ಈ ಜಿಲ್ಲೆಯಲ್ಲಿ ಹೆಸರಾದದ್ದು. ಚನ್ನೇಶ ಅದನ್ನು ಹಾಡಿದಾಗಲೆಲ್ಲ ಸಭೆ ಎದ್ದು ನಿಂತು ‘ಒನ್ಸ್ ಮೋರ್’ ಎಂದು ಕೂಗುತ್ತಿತ್ತು. ಆ ಕೂಗಿನಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದದ್ದು ಗುಬ್ಬಿಯ ಹೊನ್ನಯ್ಯನವರ ದನಿ. ಹೊನ್ನಯ್ಯನವರು ನಿವೃತ್ತ ಗುಮಾಸ್ತರು, ಮುಂದಿನ ಸಾಲಿನಲ್ಲಿ ಕಡಲೆಕಾಯಿ ಪೊಟ್ಟಣದೊಂದಿಗೆ ಕೂರುವವರು. ಟೀ ಲೋಟಕ್ಕೆ ಬಿದ್ದ ಇರುವೆಯನ್ನು ಬೆರಳಿನಿಂದ ಎತ್ತಿ, ಊದಿ ಒಣಗಿಸಿ, ಅದರ ಮನೆಯ ದಾರಿಗೆ ಬಿಡುವಷ್ಟು ಸಾಧುಗಳು. ಅವರ ‘ಒನ್ಸ್ ಮೋರ್’ ಸರಿಯಾಗಿ ಕಪ್ಪು ಎರಡರ, ಅಂದರೆ ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಪಟ್ಟಿಯ, ಶ್ರುತಿಗೆ ಕೂರುತ್ತದೆಂದು ಮೇಷ್ಟ್ರು ಮೆಚ್ಚುತ್ತಿದ್ದರು.

ಇನ್ನು ಕೈ ನಿಂತ ಆ ವರ್ಷದ ಮಾತು.

ಪಕ್ಷಗಳ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಓದುತ್ತಿರುವವರಲ್ಲಿ ಅರ್ಧ ಜನ ಇಲ್ಲಿಯೇ ಎದ್ದುಹೋಗುತ್ತಾರೆ, ಉಳಿದರ್ಧ ಜನ ಅವರನ್ನು ಅಟ್ಟಿಕೊಂಡು ಹೋಗುತ್ತಾರೆ. ಆ ಕಡೆ, ಈ ಕಡೆ ಎಂದಿಟ್ಟುಕೊಳ್ಳೋಣ. ತಂಡದವರ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬೆಳಗಿನ ವಂದನೆಗಳಿದ್ದವು. ಆಮೇಲೆ ಟೀವಿಯ ತುಣುಕುಗಳು ಬಂದವು. ಆಮೇಲೆ ಆ ಕಡೆಯವರು ದೇಶ ಮಾರಿದವರೆಂದು ಈ ಕಡೆಯವರೂ, ಈ ಕಡೆಯವರು ದೇಶ ಸುಟ್ಟವರೆಂದು ಆ ಕಡೆಯವರೂ ಬರೆದುಕೊಂಡರು. ಚನ್ನೇಶ ಆ ಕಡೆಗೆ ನಿಂತ, ಲಕ್ಷ್ಮೀಕಾಂತ ಈ ಕಡೆಗೆ. ಮೇಷ್ಟ್ರ ಹತ್ತಿರ ಇದ್ದದ್ದು ಗುಂಡಿಯೊತ್ತುವ ಹಳೆಯ ಫೋನು. ಹೀಗಾಗಿ ತಾವು ಸಾಕಿದ ತಂಡದೊಳಗೆ ಎರಡು ವರ್ಷದಿಂದ ಒಂದು ಯುದ್ಧ ನಡೆಯುತ್ತಿದೆಯೆಂಬುದು ಇಡೀ ತುಮಕೂರಿಗೆ ಗೊತ್ತಿದ್ದು ಅವರೊಬ್ಬರಿಗೆ ಗೊತ್ತಿರಲಿಲ್ಲ. ವಯಸ್ಸಾದವರಿಗೆ ಯಾಕೆ ಬೇಜಾರು ಎಂದು ಯಾರೂ ಹೇಳಲಿಲ್ಲ.

ಅಭ್ಯಾಸಕ್ಕೆ ಸೇರಿದ ಮೊದಲ ಸಂಜೆಯೇ ತಂಡ ಎರಡಾಗಿ, ಗೋಡೆಯಿಂದ ಗೋಡೆಗೆ ಕೂತಿತು. ಮೇಷ್ಟ್ರು ಅದನ್ನು ನೋಡಿ ಸಂತೋಷಪಟ್ಟರು. ಪಾತ್ರಕ್ಕೆ ಈಗಲೇ ಇಳಿದಿದ್ದಾರೆ ಅಂದುಕೊಂಡರು. ಬಣ್ಣ ಹಚ್ಚಿಕೊಳ್ಳಲು ಎರಡು ಕೋಣೆ ಬೇಕೆಂದು ಕೇಳಿದಾಗ, ಇಷ್ಟು ಶ್ರದ್ಧೆಯ ಕಲಾವಿದರನ್ನು ತಾವು ಕಂಡೇ ಇಲ್ಲವೆಂದು ಮರಿಯಮ್ಮನಿಗೆ ಹೇಳಿದರು. ಅರ್ಧ ಶತಮಾನದಿಂದ ಅವರು ನಟರನ್ನು ಬೇಡಿಕೊಂಡಿದ್ದದ್ದು ಒಂದೇ: ಕಣ್ಣಿಗೆ ರೋಷ ತನ್ನಿ. ಡೇರಿ ಕಾರ್ಯದರ್ಶಿಗಳ ಕಣ್ಣಿಗೆ ಅದು ಎಂದೂ ಬಂದಿರಲಿಲ್ಲ. ಬಂದರೂ ಹಸಿವಿನ ಹಾಗೆ ಕಾಣುತ್ತಿತ್ತು. ಈ ವರ್ಷ ಕಂಬಳಿ ಹೊದ್ದ ಪಹರೆಯವನ ಕಣ್ಣಿನಲ್ಲೂ ಕೆಂಡವಿತ್ತು. ಚನ್ನೇಶ ಒಂದು ಮಾತು ಹೇಳಿದರೆ ಲಕ್ಷ್ಮೀಕಾಂತನ ಕತ್ತಿನ ನರ ಉಬ್ಬುತ್ತಿತ್ತು. ಮೇಷ್ಟ್ರ ಎಡಗೈ ಇನ್ನೂ ಜೋರಾಗಿ ಬೀಸಿತು. “ಹಂಗೇ, ಹಂಗೇ ಬಿಡ್ಬ್ಯಾಡಿ, ಇನ್ನೂ ಬರ್ಲಿ” ಎಂದು ಅವರೇ ಹುರಿದುಂಬಿಸಿದರು. ಗುಬ್ಬಿಯ ಎಲ್ಲ ಟೀ ಅಂಗಡಿಗಳಲ್ಲಿ, ಸಾಯುವ ಮುಂಚೆ ತಮಗೊಂದು ನಿಜವಾದ ತಂಡ ಸಿಕ್ಕಿತೆಂದು ಹೇಳಿಕೊಂಡು ತಿರುಗಿದರು.

ಒಂದೇ ಒಂದು ಸಲ ಅವರಿಗೆ ಗಲಿಬಿಲಿಯಾದದ್ದುಂಟು. ಬೊಮ್ಮನಾಯಕ ತಮ್ಮವನೆಂದು ಆ ಕಡೆಯವರು, ಮುದ್ದನಾಯಕನೇ ನಿಜವಾದ ದೇಶಭಕ್ತನೆಂದು ಈ ಕಡೆಯವರು ಕಿತ್ತಾಡುವುದು ಅವರ ಕಿವಿಗೆ ಬಿತ್ತು. ಬೊಮ್ಮನಾಯಕನ ಜಯಂತಿಯೂ ಆಗಿ, ಅವನ ಭಾವಚಿತ್ರಕ್ಕೆ ಹಾರ ಬಿದ್ದು, ಆ ಭಾವಚಿತ್ರ ನೋಡಿದರೆ ಮೀಸೆ ಅಂಟಿಸಿಕೊಂಡ ಚನ್ನೇಶನದೇ ಆಗಿತ್ತು. ಮೇಷ್ಟ್ರು ನಕ್ಕರು.

“ಲೋ, ಅವರಿಬ್ರೂ ಹುಟ್ಟೇ ಇಲ್ಲ ಕಣ್ರೋ. ನಮ್ ಗುರುಗಳು ಚಳಿಜ್ವರದಲ್ಲಿ ಬರೆದಿದ್ದು.”

“ಅದು ನಿಮ್ಮ ಅಭಿಪ್ರಾಯ ಮೇಷ್ಟ್ರೇ” ಎಂದ ಒಬ್ಬ, ತುಂಬ ಗೌರವದಿಂದ.

ಅವರು ಇನ್ನೂ ಜೋರಾಗಿ ನಕ್ಕರು. ತಂಡದಲ್ಲಿ ಬೇರೆ ಯಾರೂ ನಗಲಿಲ್ಲ.

ಗದೆ ಕೊಡುವ ದಿನ ತಮ್ಮ ಪದ್ಧತಿಯಂತೆ ಇಬ್ಬರನ್ನೂ ಹೋಟೆಲಿಗೆ ಕರೆದುಕೊಂಡು ಹೋಗಿ ಬೈಟು ಕಾಫಿ ಹೇಳಿದರು. ಬಂದದ್ದು ಎರಡು ಲೋಟ. ಇಬ್ಬರೂ ತಲೆ ತಗ್ಗಿಸಿ, ತಮ್ಮ ತಮ್ಮ ಫೋನು ನೋಡುತ್ತ ಕುಡಿದರು. ಲೋಟ ಎರಡಾಗಿದ್ದನ್ನು ಮೇಷ್ಟ್ರು ಗಮನಿಸಿದರು. ಇಬ್ಬರಿಗೂ ವಯಸ್ಸಾಯಿತು, ಎಂಜಲಿನ ಅಂಜಿಕೆ ಬಂತು ಎಂದುಕೊಂಡರು. ಪ್ರೀತಿ ಯಾವ ಯಾವ ಕಾರಣಕ್ಕೆ ಮುರಿಯುತ್ತದೆಂಬ ಲೆಕ್ಕ ಅವರಲ್ಲಿತ್ತು: ಬದು, ಹೆಣ್ಣು, ಪಂಚಾಯ್ತಿ ಎಲೆಕ್ಷನ್ನು, ಒಮ್ಮೊಮ್ಮೆ ಕಿರೀಟದ ಅಳತೆ. ಟೀವಿಯಲ್ಲಿ ಕಾಣುವ, ಈ ಜನ್ಮದಲ್ಲಿ ತಮ್ಮ ಮನೆಗೆ ಬರದ ಮನುಷ್ಯರಿಗಾಗಿ ಒಂದೇ ತಟ್ಟೆಯಲ್ಲಿ ಉಂಡವರು ಮುರಿದುಕೊಳ್ಳುತ್ತಾರೆಂಬುದು ಆ ಲೆಕ್ಕದಲ್ಲಿ ಇರಲಿಲ್ಲ. “ಶ್ರುತಿ ಸೇರ್ತಾ?” ಎಂದು ಕೇಳಿದರು. ಇಬ್ಬರೂ ಹೂಂ ಎಂದರು. ಗದೆ ಕೊಟ್ಟರು.

ಈಗೀಗ ನಾಟಕಗಳು ಹಗಲಲ್ಲೇ ನಡೆಯುತ್ತವೆ. ಆ ಭಾನುವಾರ ತುಮಕೂರಿನ ಒಂದು ಸಭಾಂಗಣದಲ್ಲಿ ಬೆಳಿಗ್ಗೆ ಶುರುವಾದ ‘ದಾಯಾದಿ ದುರ್ಗ’ಕ್ಕೆ ಸೇರಿದ ಜನ ಎಷ್ಟೆಂದರೆ, ಒಳಗಿದ್ದವರ ಉಸಿರಿಗೆ ಗೋಡೆಗಳು ಹೊರಕ್ಕೆ ಬಾಗಿದ್ದವು. ನಡುವಿನ ದಾರಿಯ ಎಡಕ್ಕೆ ಆ ಕಡೆಯವರು, ಬಲಕ್ಕೆ ಈ ಕಡೆಯವರು. ಮೇಷ್ಟ್ರು ರಂಗದ ಕೆಳಗಿನ ತಗ್ಗಿನಲ್ಲಿ, ಇಬ್ಬರಿಗೂ ನಡುವೆ, ಬೆನ್ನನ್ನು ಸಭೆಗೆ ಕೊಟ್ಟು ಕೂತಿದ್ದರು. ಮೂರನೆಯ ಅಂಕದಲ್ಲಿ ಲಕ್ಷ್ಮೀಕಾಂತ ಪುಸ್ತಕದಲ್ಲಿಲ್ಲದ ಒಂದು ಮಾತು ಸೇರಿಸಿದ: ನಿಮ್ಮವರ ಹಾಗೆ ನಾಡು ಮಾರಿ ಕೋಟೆ ಕೊಂಡವನಲ್ಲ ನಾನು. ಬಲಗಡೆ ಸಿಳ್ಳೆ ಬಿತ್ತು. ಚನ್ನೇಶ ಅವನ ತಾಯಿಯ ಮಾತೆತ್ತಿದ. ಹಾಸ್ಟೆಲಿನ ರಜಾದಿನಗಳಲ್ಲಿ ಚನ್ನೇಶನಿಗೂ ಮುದ್ದೆ ಬಡಿಸಿದ ತಾಯಿ ಅವಳು. ಎಡಗಡೆ ಸಿಳ್ಳೆ ಬಿತ್ತು. ಮೇಷ್ಟ್ರು ಮಾತು ಮುಚ್ಚಿಹೋಗುವಂತೆ ಶ್ರುತಿ ಏರಿಸಿದರು. ಅಷ್ಟು ದಿನ ತಾವು ನೋಡಿದ್ದು ಅಭಿನಯವಲ್ಲವೆಂದು ಹೊಳೆಯುವುದಕ್ಕೂ ಗದೆ ಮೇಲೇರುವುದಕ್ಕೂ ಸರಿಹೋಯಿತು.

ಚನ್ನೇಶ ಎದುರಿನವನ ಕಣ್ಣು ನೋಡಲಿಲ್ಲ. ತಲೆ ಎತ್ತಿ ಎಡಗಡೆಯ ಜನರನ್ನು ನೋಡುತ್ತ ಗದೆ ಇಳಿಸಿದ.

ಇಷ್ಟು ಹೊತ್ತು ಬಸ್ಸು ನಿಲ್ಲಿಸಿ, ಹಾವು ಕೂರಿಸಿ ಹೇಳಿದೆನಲ್ಲ. ಇಲ್ಲಿಂದ ಮುಂದೆ ಒಂದನ್ನೂ ದೊಡ್ಡದು ಮಾಡಿ ಹೇಳುತ್ತಿಲ್ಲ. ಗದೆ ಹಲಗೆಗೆ ಬಡಿಯಲಿಲ್ಲ. ಒಣ ತೆಂಗಿನ ಚಿಪ್ಪು ಒಡೆದಂಥ ಸಣ್ಣ ಸದ್ದು. ಲಕ್ಷ್ಮೀಕಾಂತ ಕೂಗಲೂ ಇಲ್ಲ. ಕಾಲು ತನ್ನದಲ್ಲವೇನೋ ಎಂಬಂತೆ ಅದನ್ನು ನೋಡುತ್ತ ಕುಸಿದ. ಮೇಷ್ಟ್ರ ಕೈ ಅಭ್ಯಾಸಬಲದಿಂದ ಪ್ರಲಾಪದ ಮೊದಲ ಸ್ವರಗಳನ್ನು ಎತ್ತಿತು, ಅದನ್ನು ಕೇಳಿದರೆ ಚನ್ನೇಶ ಗದೆ ಬಿಸಾಡಿ ಮಂಡಿಯೂರಿಯಾನೆಂಬ ಆಸೆಯಿಂದ. ಚನ್ನೇಶ ಹಾಡಲಿಲ್ಲ. ಗದೆಯನ್ನು ಎತ್ತಿ ಜನರಿಗೆ ತೋರಿಸಿದ. ಆಗ ಮೇಷ್ಟ್ರ ಬೆನ್ನ ಹಿಂದೆ, ಮುಂದಿನ ಸಾಲಿನಿಂದ, ಕಪ್ಪು ಎರಡರ ಶ್ರುತಿಯಲ್ಲಿ, ಒಂದು ದನಿ ಎದ್ದಿತು.

“ಒನ್ಸ್ ಮೋರ್.”

ಅದರ ಹಿಂದೆ ಅರ್ಧ ಸಭೆ ಕೂಗಿತು. ಹಾಡಿಗಲ್ಲ, ಏಟಿಗೆ.

ಎಡಗೈ ನಿಂತದ್ದು ಆಗ. ಬಲಗೈ ಬೆರಳು ಇನ್ನೂ ಪಟ್ಟಿಯ ಮೇಲೇ ಇತ್ತು. ತಿದಿಯಲ್ಲಿ ಉಳಿದಿದ್ದ ಗಾಳಿಗೆ ಆ ಒಂದು ಸ್ವರ ಸ್ವಲ್ಪ ಹೊತ್ತು ಎಳೆದು, ತೆಳುವಾಗಿ, ಕೆಳಗಿಳಿದು, ಸತ್ತಿತು. ಆಮೇಲೆ ಕುರ್ಚಿಗಳು ಹಾರಿದವು.

ಸಂಜೆಯ ಹೊತ್ತಿಗೆ ಎರಡು ವೀಡಿಯೋ ಹರಿದಾಡಿದವು. ಒಂದು ಬೈಗುಳದಿಂದ ಶುರುವಾಗಿ ಏಟಿಗೆ ಮೊದಲೇ ಮುಗಿಯುತ್ತಿತ್ತು. ಇನ್ನೊಂದು ಏಟಿನಿಂದಲೇ ಶುರುವಾಗುತ್ತಿತ್ತು. ಎರಡನ್ನೂ ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ಮಾರನೆಯ ದಿನ ಚನ್ನೇಶನ ಅಂಗಡಿಗೆ ಬೆಂಕಿ ಬಿತ್ತು. ಅದರ ಮಾರನೆಯ ದಿನ ಬೆಳ್ಳಾವಿಯಲ್ಲಿ, ಅವರಿಬ್ಬರೂ ಹುಟ್ಟಿದ ಬೀದಿಯಲ್ಲಿ, ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತಿದ್ದವನೊಬ್ಬನನ್ನು ನೀನು ಯಾವ ಕಡೆಯವನು ಎಂದು ಕೇಳಿದರು. ಅವನು ಹೇಳಿದ. ಅವನ ಒಂದು ಕಣ್ಣು ಹೋಯಿತು. ಕೇಳಿದವರು ಹೊರಗಿನಿಂದ ಬಂದವರಲ್ಲ. ಅದೇ ಸಾಲಿನಲ್ಲಿ ಅವನ ಹಿಂದೆ ನಿಂತಿದ್ದವರು. ಮೇಷ್ಟ್ರಿಗೆ ಈ ಸುದ್ದಿ ಮುಟ್ಟಿದಾಗ ಅವರು ಮರಿಯಮ್ಮನಿಗೆ ಹೇಳಿದ್ದು ಇಷ್ಟೇ: ನಾಟಕ ಇನ್ನೂ ನಡೀತಾ ಐತೆ.

ಹಾರ್ಮೋನಿಯಮ್ಮನ್ನು ಅವರು ಮುಚ್ಚಳ ತೆರೆದೇ ಮನೆಗೆ ತಂದಿದ್ದರು. ಮಂಗಳವಾಗದೆ ಮುಚ್ಚುವಂತಿಲ್ಲ. ಮಂಗಳವಾಗಬೇಕಾದರೆ ಆ ಇಬ್ಬರು ಒಂದು ಸಾಲಿನಲ್ಲಿ ನಿಲ್ಲಬೇಕು. ಪೊಲೀಸರು, ಮುಖಂಡರು, ಶಾಂತಿಸಭೆಯವರು ತಮಗೆ ತಿಳಿದದ್ದನ್ನು ಮಾಡುತ್ತಿದ್ದರು. ಮೇಷ್ಟ್ರಿಗೆ ತಿಳಿದದ್ದು ಇದೊಂದೇ. ಬಲಗೈಯಿಂದ ಮೊಪೆಡ್ ಹಿಡಿದು, ಎಡಗೈಯನ್ನು ಸುಮ್ಮನೆ ಇನ್ನೊಂದು ಹಿಡಿಯ ಮೇಲೆ ಇಟ್ಟುಕೊಂಡು, ಅವರು ಕುಣಿಗಲ್ಲಿಗೆ ಹೋದರು.

ಲಕ್ಷ್ಮೀಕಾಂತನ ಮೊಣಚಿಪ್ಪು ಚೂರಾಗಿತ್ತು. ಇನ್ನು ಡ್ರಿಲ್ ಮಾಡಿಸುವಂತಿರಲಿಲ್ಲ. ಅವನ ಹೆಂಡತಿ ವಾಣಿಶ್ರೀ ಕಾಫಿ ಇಟ್ಟು ಒಳಗೆ ಹೋದಳು. ಅವನು ಗೋಡೆ ನೋಡುತ್ತ ಹೇಳಿದ: “ರೆಪ್ಪೆ ಬಡಿಯೋಣ ಅಂತ ಅವನ ಮುಖ ಹುಡುಕ್ದೆ ಮೇಷ್ಟ್ರೇ. ಅವನು ನನ್ನ ನೋಡ್ತಾನೇ ಇರ್ಲಿಲ್ಲ.” ಸಾಲಿನಲ್ಲಿ ನಿಲ್ಲುತ್ತೀಯಾ ಎಂದದ್ದಕ್ಕೆ, ಅವನು ಮೊದಲು ಬರಲಿ ಎಂದ.

ಚನ್ನೇಶ ಜಾಮೀನಿನ ಮೇಲೆ ಹೊರಗಿದ್ದು, ಉಪ್ಪಾರಹಳ್ಳಿಯಲ್ಲಿ ಸುಟ್ಟ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ತಾಮ್ರದ ತಂತಿಗಳೆಲ್ಲ ಕರಗಿ ಒಂದೇ ಉಂಡೆಯಾಗಿದ್ದವು. ಯಾಕೆ ಕಣ್ಣು ನೋಡಲಿಲ್ಲವೆಂದು ಮೇಷ್ಟ್ರು ಕೇಳಿದರು. ಬೇರೇನನ್ನೂ ಕೇಳಲಿಲ್ಲ.

“ನೋಡಿದ್ರೆ ಹೊಡೆಯಕ್ಕೆ ಆಯ್ತಿರ್ಲಿಲ್ಲ ಮೇಷ್ಟ್ರೇ” ಎಂದ ಚನ್ನೇಶ. “ಅದಕ್ಕೇ ನೋಡ್ಲಿಲ್ಲ.”

ಆಮೇಲೆ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ ಅವರ ಕೈಗಿಟ್ಟು, ಅವನ ಮನೇದು, ಕೊಟ್ಬುಡಿ ಎಂದ. ಸಾಲಿನಲ್ಲಿ ನಿಲ್ಲುತ್ತೀಯಾ ಎಂದದ್ದಕ್ಕೆ, ಅವನು ಕರೆಯಲಿ ಎಂದ. ಮೇಷ್ಟ್ರು ಮತ್ತೆ ಕುಣಿಗಲ್ಲಿಗೆ ಹೋದರು. ಬಾಗಿಲು ಹಾಕಿತ್ತು, ಎಲ್ಲರೂ ಆಸ್ಪತ್ರೆಗೆ ಹೋಗಿದ್ದರು. ಜೇಬಿನಿಂದ ಬೀಗದ ಕೈ ತೆಗೆದು ನೋಡಿದರು, ಬಾಗಿಲು ನೋಡಿದರು. ಬೀಗ ಹೊಸದಾಗಿತ್ತು. ಇಬ್ಬರು ಹೇಳಿದ ಮಾತಿನಲ್ಲೂ ಕಾಣದಿದ್ದ ಒಂದನ್ನು ಆ ಹೊಸ ಬೀಗದಲ್ಲಿ ಕಂಡಂತಾಗಿ, ಅವರು ಜಗಲಿಯ ಮೇಲೆ ಕೂತುಬಿಟ್ಟರು.

ಅಂದಿನಿಂದ ಕೋಟು ಅವರ ಮೈಮೇಲಿಲ್ಲ. ತೆರೆದ ಹಾರ್ಮೋನಿಯಮ್ಮಿಗೆ ಧೂಳು ಕೂರಬಾರದೆಂದು ಅದನ್ನು ಬಿಚ್ಚಿ ಅದರ ಮೇಲೆ ಹೊದಿಸಿದ್ದಾರೆ. ಬೀಗದ ಕೈ ಅದರ ಜೇಬಿನಲ್ಲಿ, ಅರ್ಧ ಮೀಸೆಯ ಜೊತೆಗಿದೆ. ಕೋಟಿಲ್ಲದ ಮೇಷ್ಟ್ರು ಎಷ್ಟು ಸಣ್ಣಗಿದ್ದಾರೆಂದು ನಮಗೆ ಗೊತ್ತಾದದ್ದು ಆಗಲೇ.

ಕೆಲವು ವಾರಗಳಾದ ಮೇಲೆ ಹೊನ್ನಯ್ಯನವರು ಕಡಲೆಕಾಯಿ ಪೊಟ್ಟಣ ಹಿಡಿದು ಮನೆಗೆ ಬಂದು, ಮುಂದಿನ ನಾಟಕ ಯಾವಾಗ ಎಂದು ವಿಚಾರಿಸಿದರು. ಮೇಷ್ಟ್ರು ಅವರನ್ನು ಕೂರಿಸಿ, ಟೀ ತರಿಸಿ, ನಿಧಾನವಾಗಿ ಕೇಳಿದರು: “ಅವತ್ತು ಒನ್ಸ್ ಮೋರ್ ಅಂದ್ರಲ್ಲ ಹೊನ್ನಯ್ಯ?”

“ಎಲ್ರೂ ಅಂದ್ರು, ನಾನೂ ಅಂದೆ.”

“ಎಲ್ರಿಗಿಂತ ಮೊದ್ಲು ನೀವಂದ್ರಿ. ನಂಗೆ ನಿಮ್ ಶ್ರುತಿ ಗೊತ್ತು.”

ಹೊನ್ನಯ್ಯನವರು ಇಲ್ಲವೆನ್ನಲು ಬಾಯಿ ತೆರೆದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ನೆನಪು ಆಗ, ಆ ಕ್ಷಣದಲ್ಲಿ, ಅವರ ಮುಖದ ಮೇಲೆ ಬಂದದ್ದನ್ನು ಮೇಷ್ಟ್ರು ಕಣ್ಣಾರೆ ನೋಡಿದರು. ಹೊನ್ನಯ್ಯನವರ ಕೈಯಲ್ಲಿದ್ದ ಟೀ ಲೋಟದಲ್ಲಿ ಇರುವೆಯೊಂದು ಬಿದ್ದು ಈಜುತ್ತಿತ್ತು. ಅವರು ಅದನ್ನು ಎತ್ತಲು ಬೆರಳು ತಂದು, ಎತ್ತುವ ಧೈರ್ಯ ಸಾಲದೆ, ಹಾಗೆಯೇ ಹಿಡಿದು ಕೂತರು. ಕೊನೆಗೆ ಮೇಷ್ಟ್ರೇ ಎತ್ತಿದರು, ಎಡಗೈಯಿಂದ. ಆ ಕೈಗೆ ಈಗ ಬೇರೆ ಕೆಲಸವಿಲ್ಲ.

ಅಡವಿಯಪ್ಪ ಮೇಷ್ಟ್ರಂಥವರು ಪ್ರತಿಯೊಂದು ಊರಿನಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ: ರಂಗದ ಮೇಲೂ ಅಲ್ಲದ, ಸಭೆಯಲ್ಲೂ ಅಲ್ಲದ ಒಂದು ತಗ್ಗಿನಲ್ಲಿ ಕೂತು, ಎರಡು ಪಾಳೆಯಕ್ಕೂ ಒಂದೇ ಶ್ರುತಿ ಹಿಡಿದು, ಎತ್ತುವವನು ಎದುರಿನವನ ಕಣ್ಣು ನೋಡಲೇಬೇಕೆಂಬ ಒಂದು ಸಣ್ಣ ನೇಮವನ್ನು ಹಟದಿಂದ ಕಾಪಾಡಿಕೊಂಡು ಬರುವವರು. ಮನುಷ್ಯರಿಗೆ ಯುದ್ಧದ ಚಪಲ ಇಲ್ಲವೆಂದು ಅವರು ಎಂದೂ ನಂಬಿದವರಲ್ಲ. ಅದನ್ನು ಆಡಿ ಮುಗಿಸಿ ಮಂಗಳ ಹಾಡಿಬಿಟ್ಟರೆ ನಿಜಕ್ಕೂ ಮಾಡುವ ಅಗತ್ಯ ಬೀಳದೆಂದು ನಂಬಿದವರು. ಅವರ ಕೋಟನ್ನು, ನಡಿಗೆಯನ್ನು, ಬೀಸುವ ಕೈಯನ್ನು ನಾವು ಗೇಲಿ ಮಾಡುತ್ತೇವೆ; ನಮ್ಮ ಕೂಗು ಹಾಡಿಗೋ ಏಟಿಗೋ ಎಂಬುದು ಇಷ್ಟು ದಿನ ಆ ಕೈಯ ಗಾಳಿಯ ಮೇಲೆ ನಿಂತಿತ್ತೆಂಬುದು ನಮಗೆ ತಿಳಿಯುವುದಿಲ್ಲ. ಮೇಷ್ಟ್ರು ಈಗಲೂ ಸಂಜೆ ಹೊತ್ತು ಗುಬ್ಬಿಯ ನಿಲ್ದಾಣದಲ್ಲಿ, ಬೇವಿನ ಮರದ ಕೆಳಗೆ, ಬರಿಯ ಅಂಗಿಯಲ್ಲಿ ನಿಂತಿರುತ್ತಾರೆ. ಬಸ್ಸುಗಳು ಅವರನ್ನು ದಾಟಿಕೊಂಡು, ಹೇಳಿದ ಹೊತ್ತಿಗೆ ಸರಿಯಾಗಿ ಹೋಗುತ್ತವೆ.